ಬಾಣಂತಿಯ ಹೊಟ್ಟೆಯ ನೀರು

ಆ ಕಾಲದಲ್ಲಿ ನಮ್ಮ ಆಸ್ಪತ್ರೆಗೆ ಹೊಟ್ಟೆ ಉಬ್ಬಿಸಿಕೊಂಡು ಬರುವವರಿಗೇನೂ ಬರವಿರಲಿಲ್ಲ. ಗಂಡಸಾದರೆ ಸಾರಾಯಿ, ಹೆಂಗಸಾದರೆ ಕ್ಷಯ. ಕೆಜಿಎಫ್‌ನ ವೈದ್ಯರಿಗೆ ಇದು ಹೆಚ್ಚುಕಡಿಮೆ ಬಾಯಿಪಾಠವಾಗಿತ್ತು, ಬಹಳ ಸಲ ಸರಿಯೂ ಆಗುತ್ತಿತ್ತು. ಊರಿಗಾಂ ಕಡೆಯ ಲೈನುಮನೆಗಳಿಂದ ಬರುವ ಗಣಿ ಕೆಲಸದವರ ಹೊಟ್ಟೆ ಮುಟ್ಟುವ ಮೊದಲೇ ಅವರ ಉಸಿರಿನ ವಾಸನೆಯೇ ಕಾಯಿಲೆ ಹೇಳಿಬಿಡುತ್ತಿತ್ತು. ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಗಣಿಯಲ್ಲಿ ಚಿನ್ನ ಇಳಿಯುತ್ತಿತ್ತು, ಕುಡಿತ ಏರುತ್ತಿತ್ತು. ಹಾಗಾಗಿ ಒಂದು ಬೇಸಿಗೆಯ ಬೆಳಿಗ್ಗೆ ಬೇತಮಂಗಲದ ಪಕ್ಕದ ಹಳ್ಳಿಯಿಂದ ಬಸ್ಸಿನಲ್ಲಿ ಬಂದ ಹುಡುಗಿಯೊಬ್ಬಳು ಕ್ಷಯದ ಮಾತ್ರೆಗಳನ್ನು ಕೈಯಲ್ಲಿ ಹಿಡಿದುಕೊಂಡು ನನ್ನ ಮುಂದೆ ಕೂತಾಗ ನನಗೆ ವಿಶೇಷವೇನೂ ಅನ್ನಿಸಲಿಲ್ಲ.

ಅವಳು ಹೆತ್ತು ಎರಡು ತಿಂಗಳೂ ಆಗಿರಲಿಲ್ಲ. ಹೆಣ್ಣುಮಗುವನ್ನು ಎತ್ತಿಕೊಂಡು ಅವಳ ತಾಯಿ ಪಕ್ಕದಲ್ಲಿ ನಿಂತಿದ್ದರು. ಗಂಡ ಬಾಗಿಲಲ್ಲೇ ಬಟ್ಟೆಯ ಚೀಲ ಹಿಡಿದು ನಿಂತಿದ್ದ. ಬಂಗಾರಪೇಟೆಯ ಹತ್ತಿರದ ಹಳ್ಳಿಯವನು, ದಿನಾ ಬೆಳಿಗ್ಗೆ ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಪೇಟೆಗೆ ಹಾಕಿಬರುವುದು ಅವನ ಕೆಲಸ. ಒಳಗೆ ಬಾ ಎಂದರೂ ಬರಲಿಲ್ಲ, ಮಾತೂ ಆಡಲಿಲ್ಲ. ಮಾತೆಲ್ಲ ತಾಯಿಯದೇ.

"ಒಟ್ಟೆ ಇಳೀಲೇ ಇಲ್ಲ ಕಣ್ ಡಾಕ್ಟ್ರಮ್ಮ. ಕೂಸು ಆಚೆ ಬಂದ್ರೂ ಒಟ್ಟೆ ಅಂಗೇ ಅದೆ. ದಿನಾ ದಿನಾ ಜಾಸ್ತಿ ಆಯ್ತಾ ಅದೆ. ನಾನೇನೋ ಬಟ್ಟೆ ಬಿಗಿಯಾಗೇ ಕಟ್ಟಿವ್ನಿ."

"ನೀರು ಕೊಡ್ತಿದ್ದೀರಾ?"

"ನೀರಾ?" ನಾನು ಬಾಣಂತಿಗೆ ವಿಷ ಕೊಟ್ಟಿರಾ ಎಂದು ಕೇಳಿದ ಹಾಗೆ ಆಕೆ ನನ್ನನ್ನು ನೋಡಿದರು. "ಊಟ್ವಾದ್ಮೇಲೆ ಒಂದೀಟು, ಅದೂ ಕಾಯ್ಸಿದ್ದು. ನೀರ್ ಕುಡುದ್ರೆ ಒಟ್ಟೆ ಬರ್ತದಲ್ಲ. ಆದ್ರೂ ಇವ್ಳು ಕಳ್ತನ್ದಾಗೆ ಕುಡ್ದವ್ಳೆ. ಇಲ್ದಿದ್ರೆ ಇಷ್ಟು ಯಾಕ್ ಬರ್ಬೇಕು?"

"ಒಂದೇ ಸಲ ಕಣವ್ವ, ಬಚ್ಲಾಗೆ," ಎಂದು ಹುಡುಗಿ ತಲೆ ತಗ್ಗಿಸಿದಳು. ಅವಳ ತುಟಿ ಒಡೆದಿತ್ತು. ನಾಲಗೆ ಚಾಚು ಎಂದರೆ ಒಣಗಿದ ನಾಲಗೆ ಹೊರಗೆ ಬರುವುದಕ್ಕೇ ಕಷ್ಟಪಟ್ಟಿತು. ಇಡೀ ಕೆಜಿಎಫ್ ಕುಡಿಯುವುದು ಬೇತಮಂಗಲದ ಕೆರೆಯ ನೀರು. ಆ ನೀರಿನ ದಡದಲ್ಲೇ ಹುಟ್ಟಿದ ಹುಡುಗಿ ಕೋಲಾರದ ಬೇಸಿಗೆಯನ್ನು ದಿನಕ್ಕೆ ಎರಡು ಗುಟುಕಿನಲ್ಲಿ ಕಳೆದಿದ್ದಳು. ನನಗೆ ಸಿಟ್ಟು ಬಂತು. ಆದರೆ ಬಾಣಂತನದಲ್ಲಿ ನನ್ನ ತಾಯಿಯೂ ನನಗೆ ಮಾಡಿದ್ದು ಇದನ್ನೇ ಆದ್ದರಿಂದ ಅದನ್ನು ನುಂಗಿಕೊಂಡೆ.

ಮಂಚದ ಮೇಲೆ ಮಲಗಿಸಿ ಹೊಟ್ಟೆಯ ಬಟ್ಟೆ ಬಿಚ್ಚಿ ಎಂದೆ. ತಾಯಿ ಒಪ್ಪಲಿಲ್ಲ. ಬಿಚ್ಚಿದರೆ ಗಾಳಿ ಒಳಗೆ ಹೋಗುತ್ತದಂತೆ. ಮೊದಲು ನೋಡಿ ಕ್ಷಯದ ಮಾತ್ರೆ ಬರೆದುಕೊಟ್ಟ ವೈದ್ಯರು ಬಟ್ಟೆಯನ್ನು ಅಂಗೈ ಅಗಲ ಸರಿಸಿ, ಅಲ್ಲಿಂದಲೇ ಸೂಜಿ ಹಾಕಿ ನೀರು ತೆಗೆದು ನೋಡಿದ್ದರು. ಅವರನ್ನು ನಾನು ದೂರುವುದಿಲ್ಲ. ಬಾಣಂತಿಯ ಹೊಟ್ಟೆಯ ಬಟ್ಟೆ ಬಿಚ್ಚಿಸುವಷ್ಟು ಧೈರ್ಯದ ಗಂಡಸು ಡಾಕ್ಟರು ಆಗ ನಮ್ಮ ಕಡೆ ಇರಲಿಲ್ಲ. ನಾನು ಹೆಂಗಸಾದ್ದರಿಂದ ನನಗೆ ಆ ಸ್ವಾತಂತ್ರ್ಯವಿತ್ತು. ನಾನು ಮಾತಾಡುತ್ತಿರುವಾಗಲೇ ನಮ್ಮ ಸಿಸ್ಟರ್ ಗಂಟು ಬಿಚ್ಚಿಬಿಟ್ಟಿದ್ದರು. ಹಳೆಯ ಸೀರೆಯನ್ನು ಉದ್ದಕ್ಕೆ ಹರಿದು ಸುತ್ತು ಸುತ್ತು ಬಿಗಿದಿದ್ದರು. ಕೊನೆಯ ಸುತ್ತು ಬಿಚ್ಚಿದಾಗ ಹುಡುಗಿ ನಿಟ್ಟುಸಿರು ಬಿಟ್ಟಳು.

ಬಟ್ಟೆಯ ಕೆಳಗೆ ಪಕ್ಕೆಗಳ ಮೇಲೆ ನೀಲಿ ನರಗಳು ಎದ್ದು ಕಾಣುತ್ತಿದ್ದವು. ಬಲಗಡೆ ಪಕ್ಕೆಲುಬಿನ ಕೆಳಗೆ ಯಕೃತ್ತು ದೊಡ್ಡದಾಗಿತ್ತು, ನುಣುಪಾಗಿತ್ತು, ಮುಟ್ಟಿದರೆ ಅವಳು ಕಿರುಚಿದಳು. ಕ್ಷಯದಲ್ಲಿ ಯಕೃತ್ತು ಹೀಗೆ ನೋಯುವುದಿಲ್ಲ. ಹೃದಯದ ತೊಂದರೆಯಲ್ಲಿ ಹೀಗಾಗಬಹುದು. ಅದನ್ನು ತಿಳಿಯುವುದಕ್ಕೆ ಒಂದು ಹಳೆಯ ಪರೀಕ್ಷೆ ಇದೆ, ಅದಕ್ಕೆ ಯಂತ್ರ ಬೇಡ. ತಲೆ ಸ್ವಲ್ಪ ಎತ್ತರಿಸಿ ಮಲಗಿಸಿ, ಯಕೃತ್ತನ್ನು ಅಂಗೈಯಿಂದ ಮೆಲ್ಲಗೆ ಒತ್ತಿ ಹಿಡಿದು ಕುತ್ತಿಗೆ ನೋಡಬೇಕು. ಹೃದಯ ಸೋತಿದ್ದರೆ ಯಕೃತ್ತಿನ ರಕ್ತ ಮೇಲೆ ನುಗ್ಗಿ ಕುತ್ತಿಗೆಯ ನರ ಉಬ್ಬುತ್ತದೆ. ನಾನು ಒತ್ತಿದೆ. ಅವಳು ಹಲ್ಲು ಕಚ್ಚಿದಳು. ಕುತ್ತಿಗೆಯ ನರ ಇದ್ದ ಹಾಗೇ ಇತ್ತು. ಮತ್ತೆ ಒತ್ತಿದೆ, ಮತ್ತೂ ಹಾಗೆಯೇ. ಯಕೃತ್ತಿಗೂ ಹೃದಯಕ್ಕೂ ನಡುವಿನ ದಾರಿಯೇ ಮುಚ್ಚಿದಂತಿತ್ತು.

ಯಕೃತ್ತಿನಿಂದ ಹೃದಯಕ್ಕೆ ರಕ್ತ ಒಯ್ಯುವ ದೊಡ್ಡ ರಕ್ತನಾಳಗಳು ಮೂರು. ಅವುಗಳಲ್ಲಿ ರಕ್ತ ಹೆಪ್ಪುಗಟ್ಟಿದರೆ ಒಳಗೆ ಬಂದ ರಕ್ತ ಹೊರಗೆ ಹೋಗುವುದಿಲ್ಲ. ಯಕೃತ್ತು ಊದುತ್ತದೆ, ಅದರಿಂದ ನೀರು ಜಿನುಗಿ ಹೊಟ್ಟೆ ತುಂಬುತ್ತದೆ. ಬಿಟ್ಟರೆ ಯಕೃತ್ತು ಸಾಯುತ್ತದೆ, ಹಿಂದೆಯೇ ಮನುಷ್ಯರೂ. ಪುಸ್ತಕದಲ್ಲಿ ಈ ಕಾಯಿಲೆಗೆ ಇಬ್ಬರು ವಿದೇಶಿ ವೈದ್ಯರ ಹೆಸರು ಜೋಡಿಸಿಟ್ಟಿದ್ದಾರೆ. ಪರೀಕ್ಷೆಗೆ ಓದಿ ಮರೆಯುವ ಪುಟ ಅದು. ಹೆರಿಗೆಯಾದ ಹೊಸದರಲ್ಲಿ ಹೆಂಗಸರ ರಕ್ತ ಮೊದಲೇ ಬೇಗ ಹೆಪ್ಪುಗಟ್ಟುತ್ತದೆ. ಅದರ ಮೇಲೆ ನೀರಿಲ್ಲದೆ ಒಣಗಿಸಿದರೆ ಕೇಳಬೇಕೇ? ಹೊಟ್ಟೆ ಬಂತೆಂದು ತಾಯಿ ನೀರು ಕಡಿಮೆ ಮಾಡಿದ್ದರು. ನೀರು ಕಡಿಮೆಯಾದಷ್ಟೂ ರಕ್ತ ಗಟ್ಟಿಯಾಗುತ್ತಿತ್ತು. ಹೊಟ್ಟೆ ಇನ್ನೂ ಬರುತ್ತಿತ್ತು, ಬಟ್ಟೆ ಇನ್ನೂ ಬಿಗಿಯಾಗುತ್ತಿತ್ತು.

ಅವಳನ್ನು ಅಂದೇ ಸೇರಿಸಿಕೊಂಡೆ. ಕ್ಷಯದ ಮಾತ್ರೆ ನಿಲ್ಲಿಸಿದೆ, ಆ ಮಾತ್ರೆಗಳು ನೊಂದ ಯಕೃತ್ತಿಗೆ ಭಾರ. ಊಟಕ್ಕೆ ಉಪ್ಪು ಬೇಡ, ನೀರು ಮಾತ್ರ ಬೇಕಾದಷ್ಟು ಎಂದು ಹೇಳಿ ಹೊರಟೆ. ತಾಯಿ ವಾರ್ಡಿನ ನಡುವೆಯೇ ನನ್ನನ್ನು ತಡೆದರು.

ವಾರ್ಡಿನ ಆಚೆ ಬದಿ ಗಂಡಸರ ಸಾಲಿನಲ್ಲಿ ಮೈಸೂರು ಮೈನ್ಸ್ ಕಡೆಯ ಒಬ್ಬ ಗಣಿ ಕೆಲಸಗಾರ ಮಲಗಿದ್ದ. ಸಾರಾಯಿಗೆ ಯಕೃತ್ತು ಕಳೆದುಕೊಂಡವನು, ಅವನ ಹೊಟ್ಟೆಯೂ ಇಷ್ಟೇ ದಪ್ಪ. ಅವನ ರಕ್ತದಲ್ಲಿ ಉಪ್ಪಿನಂಶ ಇಳಿದದ್ದರಿಂದ ನೀರು ಅಳೆದು ಕೊಡಲು ನಾನೇ ಹೇಳಿದ್ದೆ. ಅವನು ಸಿಸ್ಟರನ್ನು ನೀರಿಗಾಗಿ ಬೇಡುವುದನ್ನೂ ಆಕೆ ಬೈಯುವುದನ್ನೂ ಈ ತಾಯಿ ಮಧ್ಯಾಹ್ನವೆಲ್ಲ ನೋಡಿದ್ದರು.

"ಆಯಪ್ಪಂಗೂ ಒಟ್ಟೇಲಿ ನೀರು, ನನ್ ಮಗ್ಳಿಗೂ ಒಟ್ಟೇಲಿ ನೀರು. ಆಯಪ್ಪಂಗೆ ಕುಡೀಬ್ಯಾಡ ಅಂತೀರಾ, ಇವ್ಳಿಗೆ ಕುಡಿ ಅಂತೀರಾ. ಇದ್ಯಾವ ನ್ಯಾಯ ಡಾಕ್ಟ್ರಮ್ಮ?"

ಪ್ರಶ್ನೆ ಸರಿಯಾಗಿಯೇ ಇತ್ತು. ನಾನು ನಿಂತಲ್ಲೇ ಪಾಠ ಮಾಡಿದೆ. ಅವನ ಯಕೃತ್ತು ಸುಕ್ಕಾಗಿದೆ, ಇವಳದು ಊದಿದೆ. ಹೊಟ್ಟೆಯ ನೀರು ಕುಡಿದ ನೀರಲ್ಲ, ರಕ್ತದಿಂದ ಜಿನುಗಿದ್ದು. ಒಳಗೆ ರಕ್ತ ಹೆಪ್ಪಾಗಿದೆ, ಒಣಗಿಸಿದರೆ ಇನ್ನೂ ಹೆಪ್ಪಾಗುತ್ತದೆ. ಆಕೆ ಎಲ್ಲ ಕೇಳಿ "ಸರಿ ಬುಡಿ" ಎಂದರು. ಸಂಜೆ ಬಂದು ನೋಡಿದರೆ ನೀರಿನ ಹೂಜಿ ತುಂಬಿದ ಹಾಗೇ ಇತ್ತು, ಹೊಟ್ಟೆಯ ಬಟ್ಟೆ ಮತ್ತೆ ಬಿಗಿದಿತ್ತು.

ಕೆಜಿಎಫ್‌ನಲ್ಲೇ ಹುಟ್ಟಿ ಬೆಳೆದ ನಮ್ಮ ಸಿಸ್ಟರಿಗೆ ತಮಿಳು ಮನೆಮಾತು, ಕನ್ನಡ ವಾರ್ಡಿನ ಮಾತು. "ನಾನು ಬಿಚ್ತೀನಿ, ಆ ಅಮ್ಮಾ ಕಟ್ತದೆ. ನಾನು ಬಿಚ್ತೀನಿ, ಅದು ಕಟ್ತದೆ. ಇದೇ ವೇಲೆ, ಇದೇ ಕೆಲ್ಸ ನಮ್ದು," ಎಂದು ಆಕೆ ಸೊಂಟದ ಮೇಲೆ ಕೈಯಿಟ್ಟು ನಿಂತರು. ಬಟ್ಟೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಎಂದೆ. ಆ ಬಟ್ಟೆ ಹೋಯಿತು. ಮಾರನೆಯ ದಿನ ತಾಯಿ ಮಗುವಿನ ಜೋಲಿಯ ಸೀರೆಯನ್ನೇ ಬಿಚ್ಚಿ ಸುತ್ತಿದ್ದರು.

ದಾರಿ ಸಿಕ್ಕಿದ್ದು ಸಿಸ್ಟರ್ ಮತ್ತು ತಾಯಿಯ ಜಗಳದ ನಡುವೆ. ನೀರು ಕೊಡಲ್ಲ ಅಂದರೆ ಮತ್ತೇನು ಕೊಡ್ತೀಯ ನೀನು ಎಂದು ಸಿಸ್ಟರ್ ಕಿರುಚಿದಾಗ, "ಕಸಾಯ ಕೊಡ್ಬೋದು. ಬಾಣಂತಿಗೆ ಕಸಾಯ ಎಷ್ಟಾದ್ರೂ ಕೊಡ್ಬೋದು, ಅದು ಔಸ್ತಿ," ಎಂದರು ತಾಯಿ. ನಾನು ಅಲ್ಲೇ ಇದ್ದೆ. ಹಾಗಾದರೆ ಕಷಾಯವೇ ಕೊಡಿ ಎಂದೆ. ದೊಡ್ಡ ಪಾತ್ರೆ ತುಂಬ ನೀರು, ಅದಕ್ಕೆ ಒಂದು ಚಿಟಿಕೆ ಜೀರಿಗೆ. ಆಸ್ಪತ್ರೆಯ ಅಡುಗೆಮನೆಯಲ್ಲಿ ತಾಯಿಯೇ ಅದನ್ನು ಕುದಿಸಿ ಆರಿಸಿ ಲೋಟ ಲೋಟ ಕುಡಿಸಿದರು. ಮಗಳು ಬೇಡವೆಂದರೂ ಬಿಡಲಿಲ್ಲ. ಬಟ್ಟೆಯ ವಿಷಯದಲ್ಲೂ ರಾಜಿಯಾಯಿತು: ಕಟ್ಟಬಹುದು, ಆದರೆ ನನ್ನ ಅಂಗೈ ಒಳಗೆ ತೂರುವಷ್ಟು ಸಡಿಲ. ಎರಡು ದಿನಕ್ಕೆ ಹುಡುಗಿಯ ನಾಲಗೆ ತೇವವಾಯಿತು, ಮೂತ್ರ ಹೆಚ್ಚಿತು. ಹೊಟ್ಟೆ ಇಳಿಯಲಿಲ್ಲ.

ಇಳಿಯಬೇಕಾದರೆ ಹೆಪ್ಪಿಗೇ ಮದ್ದು ಮಾಡಬೇಕಿತ್ತು. ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಟ್ರಂಕ್ ಕಾಲ್ ಮಾಡಿದೆ. ಸ್ಕ್ಯಾನ್ ಅಲ್ಲೇ ಆಗಬೇಕು, ಹಾಸಿಗೆ ಖಾಲಿಯಾಗಲು ಒಂದು ವಾರವಾದರೂ ಬೇಕು ಎಂದರು. ಆ ಒಂದು ವಾರ ಏನು ಮಾಡುವುದು ಎಂಬುದೇ ಪ್ರಶ್ನೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಇಂಜೆಕ್ಷನ್ ನಮ್ಮಲ್ಲಿ ಕೆಲವು ಸೀಸೆ ಇತ್ತು, ಹೃದಯಾಘಾತದವರಿಗೆ ಎಂದು ಇಟ್ಟದ್ದು. ನಮ್ಮ ಆಸ್ಪತ್ರೆಯ ಹಿರಿಯ ಸರ್ಜನ್ ಬೇಡವೆಂದರು. "ಸ್ಕ್ಯಾನಿಲ್ಲ, ಖಾತ್ರಿಯಿಲ್ಲ. ಹಸಿ ಬಾಣಂತಿ. ರಕ್ತ ಹೋದರೆ ನಿಲ್ಲಿಸುವುದು ಹೇಗೆ? ಸತ್ತರೆ ಕಾಯಿಲೆಯಿಂದ ಸತ್ತಳು ಅನ್ನಲ್ಲ, ನೀನು ಕೊಂದೆ ಅಂತಾರೆ." ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ದಿನಾ ಬೆಳಿಗ್ಗೆ ಪಕ್ಕೆಯ ಕೆಳಗೆ ಕೈಯಿಟ್ಟಾಗ ಯಕೃತ್ತಿನ ಅಂಚು ಇನ್ನಷ್ಟು ಕೆಳಕ್ಕೆ ಬಂದಿರುತ್ತಿತ್ತು. ಕಣ್ಣಿನ ಬಿಳಿಯಲ್ಲಿ ಹಳದಿ ಕಾಣಿಸಿದ ದಿನ ಇಂಜೆಕ್ಷನ್ ಶುರು ಮಾಡಿದೆ.

ಅಳತೆಗೆ ನಮ್ಮಲ್ಲಿದ್ದದ್ದು ಗಾಜಿನ ಕೊಳವೆ ಮಾತ್ರ. ರಕ್ತ ತೆಗೆದು ಕೊಳವೆಗೆ ಹಾಕಿ, ಮೈಯ ಬಿಸಿ ಆರದಂತೆ ಮುಷ್ಟಿಯಲ್ಲಿ ಹಿಡಿದು, ಆಗಾಗ ಓರೆ ಮಾಡಿ ನೋಡಬೇಕು. ಓರೆ ಮಾಡಿದಾಗ ರಕ್ತ ಹರಿಯದೆ ನಿಂತರೆ ಹೆಪ್ಪಾಯಿತು ಎಂದರ್ಥ. ಬೇಗ ನಿಂತರೆ ಮದ್ದು ಸಾಲದು, ತಡವಾದರೆ ಹೆಚ್ಚಾಯಿತು. ಸಿಸ್ಟರೂ ನಾನೂ ಸರದಿಯ ಮೇಲೆ ಮುಷ್ಟಿ ಹಿಡಿದು ಕೂರುತ್ತಿದ್ದೆವು. ಮುಷ್ಟಿಯಲ್ಲಿ ಕೊಳವೆ ಇರುವಾಗ ಬೇರೆ ಯಾವ ಕೆಲಸವೂ ಆಗುವುದಿಲ್ಲ. ಹೊರರೋಗಿಗಳು ಬಾಗಿಲಲ್ಲಿ ಗೊಣಗುತ್ತಿದ್ದರು.

ಮೂರು ದಿನ ಚೆನ್ನಾಗಿ ನಡೆಯಿತು. ನೋವು ಕಡಿಮೆಯಾಯಿತು, ಹುಡುಗಿ ಮೊದಲ ಸಲ ಮಗುವನ್ನು ತಾನೇ ಕೇಳಿ ಎತ್ತಿಕೊಂಡಳು. ನಾಲ್ಕನೆಯ ದಿನ ಮಧ್ಯಾಹ್ನ ಸಿಸ್ಟರ್ ಓಡಿಬಂದರು. ಹಾಸಿಗೆಯೆಲ್ಲ ರಕ್ತ. ಹೆರಿಗೆಯಾಗಿ ನಿಂತುಹೋಗಿದ್ದ ಸ್ರಾವ ಮತ್ತೆ ಶುರುವಾಗಿತ್ತು. ಕೊಳವೆಗೆ ಹಾಕಿದ ರಕ್ತ ಎಷ್ಟು ಹೊತ್ತಾದರೂ ನೀರಿನಂತೆ ಹರಿಯುತ್ತಲೇ ಇತ್ತು. ಇಂಜೆಕ್ಷನ್ ನಿಲ್ಲಿಸಿದೆ, ಕಾಲು ಎತ್ತರಿಸಿದೆವು, ಗರ್ಭಕೋಶ ಬಿಗಿಯಾಗುವ ಮದ್ದು ಕೊಟ್ಟೆವು. ಗಂಡನ ರಕ್ತ ಹೊಂದಿತು. ಅವನು ಶರ್ಟಿನ ತೋಳು ಮಡಿಸಿ ಮಲಗಿದ. ತಾಯಿ ಗೋಡೆಗೆ ತಲೆ ಆನಿಸಿ, "ರಕ್ತ ತೆಳ್ಳಗ್ ಮಾಡಿ ಮಾಡಿ ಎಲ್ಲಾ ಆಚೆ ಬುಟ್ರಲ್ಲಮ್ಮಾ," ಎಂದು ಅಳುತ್ತಿದ್ದರು. ಹಿರಿಯ ಸರ್ಜನ್ ಬಂದು ನೋಡಿ ನನ್ನ ಜೊತೆಗೇ ನಿಂತರು. ಸಂಜೆಗೆ ರಕ್ತ ನಿಂತಿತು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದು ಸಿಸ್ಟರ್ ಹೇಳಿದರು. ಆ ದೊಣ್ಣೆಯನ್ನು ಬೀಸಿದವಳು ನಾನೇ ಆದ್ದರಿಂದ ನನಗೆ ನಗು ಬರಲಿಲ್ಲ.

ಇನ್ನು ಅದೇ ಇಂಜೆಕ್ಷನ್ ಮತ್ತೆ ಕೊಡಬೇಕೇ ಬೇಡವೇ? ನಿಲ್ಲಿಸಿದರೆ ಹೆಪ್ಪು ಬೆಳೆಯುತ್ತದೆ, ಕೊಟ್ಟರೆ ಇನ್ನೊಂದು ಮಧ್ಯಾಹ್ನ ಹೀಗೆಯೇ ಆಗಬಹುದು. ಗಂಡನನ್ನು ಕರೆದು ಎರಡನ್ನೂ ಹೇಳಿದೆ. ತೋಳಿಗೆ ಹತ್ತಿ ಒತ್ತಿಕೊಂಡು ಕೇಳಿದ.

"ಕೊಡ್ದಿದ್ರೆ ಉಳೀತಾಳಾ?"

"ಕೊಡದಿದ್ದರೆ ಖಂಡಿತ ಇಲ್ಲ. ಕೊಟ್ಟರೆ ಉಳಿಯಬಹುದು."

"ಅಂಗಾದ್ರೆ ಕೊಡಿ," ಎಂದ. ಅವನ ಬಾಯಿಂದ ನಾನು ಕೇಳಿದ ಮೊದಲ ಮಾತುಗಳು ಇವು. ಅರ್ಧ ಪ್ರಮಾಣದಲ್ಲಿ ಮತ್ತೆ ಶುರು ಮಾಡಿದೆ.

ಹಾಸಿಗೆ ಸಿಕ್ಕಿದ ದಿನ ನಾನೇ ಜೊತೆಗೆ ಹೋದೆ. ನಮ್ಮ ವ್ಯಾನು ಬೆಂಗಳೂರು ಮುಟ್ಟುವ ನಂಬಿಕೆ ಅದರ ಡ್ರೈವರಿಗೇ ಇರಲಿಲ್ಲ. ಬಂಗಾರಪೇಟೆಯವರೆಗೆ ವ್ಯಾನಿನಲ್ಲಿ, ಅಲ್ಲಿಂದ ರೈಲಿನಲ್ಲಿ ಉದ್ದದ ಸೀಟಿನ ಮೇಲೆ ಮಲಗಿಸಿಕೊಂಡು ಹೋದೆವು. ತಾಯಿ ಕಷಾಯದ ಕ್ಯಾನು ತಂದಿದ್ದರು, ಪ್ರತಿ ಸ್ಟೇಷನ್ನಿನಲ್ಲೂ ಕುಡಿಸಿದರು. ಸ್ಕ್ಯಾನಿನ ವೈದ್ಯರು ಕತ್ತಲೆ ಕೋಣೆಯಲ್ಲಿ ನನ್ನನ್ನು ಪರದೆಯ ಹತ್ತಿರ ಕರೆದರು. ಮೂರು ಕಪ್ಪು ಗೆರೆಗಳು ಇರಬೇಕಾದ ಜಾಗದಲ್ಲಿ ಒಂದು ಮಾತ್ರ ಎಳೆಯಷ್ಟು ತೆಳ್ಳಗೆ ಕಂಡಿತು. "ಈ ಒಂದು ಇಷ್ಟಾದರೂ ತೆರೆದಿದೆ. ಇದೂ ಮುಚ್ಚಿದ್ದರೆ ನೀವು ಇಲ್ಲಿಗೆ ಬರುತ್ತಿರಲಿಲ್ಲ," ಎಂದರು. ನನಗೆ ಕಣ್ಣು ತುಂಬಿತು. ಕತ್ತಲೆಯಾದ್ದರಿಂದ ಯಾರಿಗೂ ಕಾಣಲಿಲ್ಲ.

ಅಲ್ಲಿನ ಸರ್ಜನ್ ಯಕೃತ್ತಿನ ಒಳಕ್ಕೆ ರಕ್ತ ತರುವ ನಾಳವನ್ನೂ ಬೆನ್ನಿನ ಕಡೆಯ ದೊಡ್ಡ ನಾಳವನ್ನೂ ಪಕ್ಕಪಕ್ಕ ಹಿಡಿದು ಹೊಲಿದು ಹೊಸ ದಾರಿ ಮಾಡಿದರು. ಯಕೃತ್ತಿನಲ್ಲಿ ಕಟ್ಟಿಕೊಂಡ ರಕ್ತ ಈಗ ಹಿಂದಕ್ಕೆ ಹರಿದು ಆ ದಾರಿಯಿಂದ ಇಳಿದು ಹೋಗಬೇಕು. ದೊಡ್ಡ ಆಪರೇಷನ್. ಮಧ್ಯದಲ್ಲಿ ಜ್ವರ ಬಂತು, ಹೊಲಿಗೆ ಕೀವಾಯಿತು. ಅವಳು ಊರಿಗೆ ಮರಳುವ ಹೊತ್ತಿಗೆ ಮಗು ಮಗ್ಗುಲಾಗುತ್ತಿತ್ತು. ಹೊಟ್ಟೆ ಬೆನ್ನಿಗೆ ಅಂಟಿತ್ತು, ಮುಖದಲ್ಲಿ ಕಳೆ ಬಂದಿತ್ತು.

ಇನ್ನು ಉಳಿದದ್ದು ಒಂದೇ ಅಪಾಯ, ಅದನ್ನು ನಾನು ಗಂಡಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಹೇಳಿದೆ. ಇನ್ನೊಂದು ಬಸಿರು ಆಗಕೂಡದು. ಬಸಿರಾದರೆ ಹೊಸ ದಾರಿಯೂ ಹೆಪ್ಪುಗಟ್ಟಬಹುದು. ರಕ್ತ ತೆಳುವಾಗಿಡಲು ಅವಳು ನುಂಗುವ ಮಾತ್ರೆ ಹೊಟ್ಟೆಯೊಳಗಿನ ಮಗುವಿಗೂ ಆಗುವುದಿಲ್ಲ. ಬಸಿರು ತಡೆಯುವ ಮಾತ್ರೆ ಕೊಡುವ ಹಾಗಿಲ್ಲ, ಅದೂ ರಕ್ತ ಹೆಪ್ಪಾಗಿಸುತ್ತದೆ. ಅವಳ ಹೊಟ್ಟೆ ಮತ್ತೆ ತೆರೆದು ಆಪರೇಷನ್ ಮಾಡುವ ಹಾಗಿಲ್ಲ. ಬಸಿರಾಗದಂತೆ ಗರ್ಭಕೋಶದೊಳಗೆ ವಂಕಿ ಹಾಕಿದರೆ ರಕ್ತ ಹೋಗುತ್ತದೆ.

"ಒಂದ್ ಗಂಡಾಗ್ಲಿ ಡಾಕ್ಟ್ರಮ್ಮ. ಆಮೇಲ್ ಏನಾದ್ರೂ ಆಗ್ಲಿ," ಎಂದಳು ಹುಡುಗಿ.

ಇಷ್ಟೆಲ್ಲ ಆದ ಮೇಲೆ ಹೀಗೆನ್ನುತ್ತಾಳಲ್ಲ ಎಂದು ನಾನು ರೇಗಿದೆ. ಸತ್ತರೆ ಯಾರಿಗೆ ಗಂಡು ಎಂದು ಕೇಳಿದೆ. ಅವಳು ಜಗ್ಗಲಿಲ್ಲ. "ಆವತ್ತೇ ಓಗ್ಬೇಕಾಗಿದ್ದೋಳು ನಾನು. ದೇವ್ರು ಉಳ್ಸವ್ನೆ ಅಂದ್ರೆ ಏನೋ ಇಟ್ಟೇ ಇರ್ತಾನೆ," ಎಂದಳು. ಉಳಿದ ದಾರಿ ಗಂಡನ ಆಪರೇಷನ್ ಒಂದೇ. ಎಮರ್ಜೆನ್ಸಿ ಕಾಲದಲ್ಲಿ ಗಂಡಸರನ್ನು ಹಿಡಿದು ಹಿಡಿದು ಮಾಡಿಸಿದ ಭಯ ಹಳ್ಳಿಗಳಲ್ಲಿ ಇನ್ನೂ ಆರಿರಲಿಲ್ಲ. ಆ ಹೆಸರೆತ್ತಿದರೆ ಗಂಡಸರು ಎದ್ದು ಹೋಗುತ್ತಿದ್ದರು. ಹೇಳಬೇಕಾದ್ದು ನನ್ನ ಕೆಲಸ, ಹೇಳಿದೆ. ಹುಡುಗಿ "ಛೀ, ಅದೆಲ್ಲ ಬ್ಯಾಡ" ಎಂದು ಎದ್ದಳು. ಆತ ಹಿಂದೆಯೇ ಎದ್ದ.

ಒಂದು ತಿಂಗಳಾದ ಮೇಲೆ ಆತ ಒಬ್ಬನೇ ಬಂದ. ಜನ ಕರಗುವವರೆಗೆ ಹೊರಗೆ ಬೇವಿನ ಮರದ ಕೆಳಗೆ ಕಾದು ಒಳಗೆ ಬಂದ.

"ಅದು ನಂಗ್ ಮಾಡ್ಬುಟ್ರೆ ಅವ್ಳಿಗೆ ಏನೂ ಆಗಲ್ವಾ?"

"ಆಗಲ್ಲ. ಹೆಂಡತಿಗೆ ಹೇಳಿದ್ದೀಯಾ?"

"ಇಲ್ಲ. ಏಳಿದ್ರೆ ಬ್ಯಾಡ ಅಂತಾಳೆ. ಅವ್ಳು ಬ್ಯಾಡ ಅಂದ್ರೆ ನಂಗ್ ಮಾಡ್ಸ್ಕಳಾಕಾಗಲ್ಲ. ನೀವೂ ಏಳ್ಬ್ಯಾಡಿ. ನಮ್ಮವ್ವುಂಗಂತೂ ಏಳ್ಲೇಬ್ಯಾಡಿ."

ಹೆಂಡತಿಗೆ ಮುಚ್ಚಿಡುವುದು ಸರಿಯಲ್ಲ ಎಂದೆ. ಅವನು ಕೂತಲ್ಲಿಂದ ಏಳಲಿಲ್ಲ. ಕೊನೆಗೆ ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಹಿರಿಯ ಸರ್ಜನ್ ಅವತ್ತೇ ಮಾಡಿದರು, ಸಣ್ಣ ಕೆಲಸ. ಸಂಜೆಯ ಬಸ್ಸಿಗೆ ಆತ ಹೊರಟುಹೋದ.

ಮುಂದೆ ಎರಡು ವರ್ಷ ಹುಡುಗಿ ರಕ್ತ ಪರೀಕ್ಷೆಗೆ ತಪ್ಪದೆ ಬಂದಳು. ಒಂದು ದಿನ ಜೊತೆಗೆ ಅತ್ತೆಯೂ ಬಂದರು. ಆಕೆ ಮೊಮ್ಮಗಳನ್ನು ಕಂಕುಳಲ್ಲಿಟ್ಟುಕೊಂಡು ಹೊರಗೆ ಬೆಂಚಿನ ಮೇಲೆ ಕೂತರು. ಬಾಗಿಲಿಗೆ ಇದ್ದದ್ದು ಪರದೆ ಮಾತ್ರ. ಹುಡುಗಿ ಸ್ಟೂಲಿನ ಮೇಲೆ ಕೂತವಳೇ ಗಟ್ಟಿಯಾಗಿ ಕೇಳಿದಳು.

"ಯಾಕ್ ಡಾಕ್ಟ್ರಮ್ಮ, ನಂಗ್ ಇನ್ನೂ ಬಸ್ರು ನಿಂತಿಲ್ಲ?"

ಅವನಿಗೆ ಕೊಟ್ಟ ಮಾತು ಒಂದು ಕಡೆ, ಎದುರಿಗೆ ನನ್ನದೇ ರೋಗಿ ಇನ್ನೊಂದು ಕಡೆ. ನೀನು ನುಂಗುವ ಮಾತ್ರೆ ಇದೆಯಲ್ಲ ಎಂದು ಏನೋ ತೊದಲಿದೆ. ಅವಳು ಸ್ಟೂಲು ಎಳೆದುಕೊಂಡು ಹತ್ತಿರ ಬಂದು ದನಿ ತಗ್ಗಿಸಿದಳು.

"ಸುಳ್ ಏಳ್ಬ್ಯಾಡಿ. ನಂಗೊತ್ತು. ಆವತ್ತು ಮನೆಗ್ ಬಂದು ಒಂದ್ವಾರ ಕಾಲ್ ಅಗ್ಲ ಮಾಡ್ಕಂಡ್ ನಡೀತಿತ್ತು ಆಯಪ್ಪ. ಕೇಳಿದ್ರೆ ಎತ್ತು ಒದೀತು ಅಂತು. ನಮ್ಮನೇಲಿ ಎತ್ತೇ ಇಲ್ಲ."

ನಾನು ಅವಳ ಮುಖ ನೋಡಿದೆ.

"ಮೂರ್ ದಿನ ಮಾತಾಡ್ಸಿಲ್ಲ ನಾನು. ಸಿಟ್ ಬಂದಿತ್ತು. ನಂಗೂ ಆಸೆ ಇತ್ತು ಡಾಕ್ಟ್ರಮ್ಮ." ಪರದೆಯ ಕಡೆ ಒಮ್ಮೆ ನೋಡಿ ಮುಂದುವರಿಸಿದಳು. "ನಂಗೊತ್ತು ಅಂತ ಆಯಪ್ಪಂಗ್ ಗೊತ್ತಿಲ್ಲ. ನೀವೂ ಏಳ್ಬ್ಯಾಡಿ. ಅತ್ತೆ ಆಚೆ ಕುಂತವ್ಳೆ, ಮಗಂದು ತಪ್ಪು ಅಂದ್ರೆ ತಡ್ಕಳಲ್ಲ. ನಂದೇ ಅಂತ ಇರ್ಲಿ. ಒಂದ್ ಔಸ್ತಿ ಬರ್ಕೊಡಿ."

ನಾನು ಒಂದು ಕಬ್ಬಿಣದ ಟಾನಿಕ್ ಬರೆದೆ. ಅವಳು ಚೀಟಿ ತೆಗೆದುಕೊಂಡು ಪರದೆ ಸರಿಸಿದಳು. ಅತ್ತೆ ಮಗುವಿನ ಸಮೇತ ಎದ್ದು ಬಂದು ನನ್ನನ್ನೇ ಕೇಳಿದರು.

"ಇದ್ರಾಗಾದ್ರೂ ಆಯ್ತದಾ ಡಾಕ್ಟ್ರಮ್ಮ?"

ನಾನು ಬಾಯಿ ತೆರೆಯುವ ಮೊದಲೇ ಸೊಸೆ ಹೇಳಿದಳು: "ಆಯ್ತದೆ ಬಾ ಅತ್ತೆ, ಬಸ್ ಓಗ್ತದೆ." ಮಗಳನ್ನು ತನ್ನ ಕಂಕುಳಿಗೆ ತೆಗೆದುಕೊಂಡು ಮುಂದೆ ನಡೆದಳು.